ಶರಾವತಿಯ ಆಚೆ ದಡ

ಸಾಗರ ತಾಲ್ಲೂಕಿನ ನಕ್ಷೆ ತೆಗೆದು ನೋಡಿದರೆ ಅದರಲ್ಲಿ ಒಂದು ದೊಡ್ಡ ನೀಲಿ ಹರಡಿಕೊಂಡಿರುತ್ತದೆ. ಅದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ಅದರ ಪೂರ್ವಕ್ಕೆ ಸಾಗರ ಪೇಟೆ, ರೈಲು, ಕಾಲೇಜು, ಅಡಿಕೆ ಮಂಡಿ, ಕೋರ್ಟು ಎಲ್ಲ. ಪಶ್ಚಿಮಕ್ಕೆ, ಘಟ್ಟದ ನೆತ್ತಿಗೆ ಒತ್ತಿಕೊಂಡು ಉಳಿದಿರುವುದು ಕರೂರು ಮತ್ತು ಬಾರಂಗಿ ಹೋಬಳಿ. ತುಮರಿ, ಬ್ಯಾಕೋಡು, ಕಳಸವಳ್ಳಿ, ಕುದರೂರು, ಕಟ್ಟಿನಕಾರು. ಈ ಹೆಸರುಗಳನ್ನು ಹೇಳಿದರೆ ಬೆಂಗಳೂರಿನ ಗೆಳೆಯರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಅಲ್ಲಿಯ ಚೌಡೇಶ್ವರಿ ದೇವಸ್ಥಾನದ ಊರು ಸಿಗಂದೂರು ಎಂದ ಕೂಡಲೇ "ಓ, ಲಾಂಚಲ್ಲಿ ಹೋಗ್ತಾರಲ್ಲ, ಅದಾ?" ಅನ್ನುತ್ತಾರೆ. ಹೌದು, ಅದೇ. ನನ್ನ ಅಮ್ಮನ ತವರು ಅಲ್ಲೇ, ತುಮರಿಯಿಂದ ಸ್ವಲ್ಪ ಒಳಗೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಯಿತು. ಆಮೇಲೆ ಅಲ್ಲಿಯ ತನಕ ಜನ, ವಾಹನಗಳನ್ನು ನೀರು ದಾಟಿಸುತ್ತಿದ್ದ ಲಾಂಚ್ ಬಗ್ಗೆ ತುಂಬಾ ಜನ ಬರೆದರು. ಬಸ್ಸು, ಕಾರುಗಳ ಜೊತೆ ನೀರಿನ ಮೇಲೆ ತೇಲಿದ ಫೋಟೊ ಹಾಕಿದರು. ಇನ್ನು ಆ ಮಜಾ ಇಲ್ಲ ಎಂದು ಬೇಸರ ಮಾಡಿಕೊಂಡರು. ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು. ವರ್ಷಕ್ಕೊಮ್ಮೆ ದೇವರಿಗೆ ಬಂದು ಹೋಗುವವರಿಗೆ ಅದು ಮಜಾ. ಅಲ್ಲೇ ಇದ್ದವರಿಗೆ ಅದು ಅರವತ್ತು ವರ್ಷ ಸಹಿಸಿಕೊಂಡು ಬಂದ ಒಂದು ವ್ಯವಸ್ಥೆ. ಆ ಜಾಗಕ್ಕೆ ಲಾಂಚ್ ಯಾಕೆ ಬೇಕಾಯಿತು ಎಂಬುದನ್ನು ಮಾತ್ರ ಯಾರೂ ಕೇಳಿದ ಹಾಗಿರಲಿಲ್ಲ.

ಅದನ್ನು ಹೇಳಬೇಕಾದರೆ ಹೊಳೆಯಿಂದಲೇ ಶುರು ಮಾಡಬೇಕು.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ತರಿಸಿದ ಎಂಬ ಕತೆ ಅಲ್ಲಿದೆ. ಅಲ್ಲಿಂದ ವಾಯವ್ಯಕ್ಕೆ ಹರಿದು, ಹೊಸನಗರ ಮತ್ತು ಸಾಗರದ ಸೀಮೆ ದಾಟಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಮೇಲೆ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 128 ಕಿಲೋಮೀಟರ್. ನದಿ ಎಂದರೆ ಚಿಕ್ಕದೇ. ಆದರೆ ಮಳೆ ಜಾಸ್ತಿ ಬೀಳುವ ಜಾಗದಲ್ಲೇ ಅದರ ಕವಲುಗಳೆಲ್ಲ ಹರಡಿವೆ. ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆ, ಎಣ್ಣೆಹೊಳೆ, ನಾಗೋಡಿ ಹೊಳೆ, ಹೀಗೆ ಘಟ್ಟದ ಅಂಚಿನ ನೀರೆಲ್ಲ ಬಂದು ಇದಕ್ಕೇ ಸೇರುತ್ತದೆ.

ಈ ಹೊಳೆಯ ವಿಚಿತ್ರ ಏನೆಂದರೆ, ಘಟ್ಟದ ಪಕ್ಕದಲ್ಲೇ ಹುಟ್ಟಿದರೂ ಅದು ಕೂಡಲೇ ಕೆಳಗೆ ಇಳಿಯುವುದಿಲ್ಲ. ಜೋಗದ ತನಕ ಮೇಲಿನ ಸೀಮೆಯಲ್ಲೇ ಹರಿಯುತ್ತದೆ. ಅಲ್ಲಿ ಕಣಿವೆಯೂ ಅಗಲ, ಇಳಿಜಾರೂ ಕಡಿಮೆ. ಆಮೇಲೆ ಒಮ್ಮೆಗೇ 253 ಮೀಟರ್ ಬೀಳುತ್ತದೆ. ಮೇಲೆ ನೀರು ತುಂಬಿಡಲು ಜಾಗ ಇದೆ, ಕೆಳಗೆ ಬೀಳಿಸಲು ಎತ್ತರ ಇದೆ. ಎಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಆದರೆ ಎರಡು ಕಡೆಯೂ ಅಗಲವಾದ, ಇಳಿಜಾರು ಕಡಿಮೆ ಇರುವ ಜಾಗ ಅಂದರೆ ಅದೇ ಗದ್ದೆ, ಅದೇ ತೋಟ, ಅದೇ ಊರು. ಅದು ಲೆಕ್ಕದಲ್ಲಿ ಬೇರೆ ಕಾಲಮ್ಮಿನಲ್ಲಿ ಬರುತ್ತದೆ.

ಮೊದಲು ಬಂದದ್ದು ಲಿಂಗನಮಕ್ಕಿ ಅಲ್ಲ, ಮಡೆನೂರಿನ ಹತ್ತಿರದ ಹಿರೇಭಾಸ್ಕರ ಅಣೆಕಟ್ಟು. ಮೈಸೂರು ಅರಸರ ಕಾಲದ ಕೊನೆಯಲ್ಲಿ ಕಟ್ಟಿದ್ದು. ಅದರ ನೀರಿನಿಂದ ಜೋಗದ ಕೆಳಗೆ ಕರೆಂಟು ತೆಗೆಯುವ ಕೇಂದ್ರ 1948ರಲ್ಲಿ ಶುರುವಾಯಿತು. ಅದಕ್ಕೆ ಗಾಂಧೀಜಿಯ ಹೆಸರಿಟ್ಟರು. 120 ಮೆಗಾವಾಟ್. ಆ ಕಾಲಕ್ಕೆ ಅದು ದೊಡ್ಡ ಮಾತು. ಆಗಲೂ ಒಂದಷ್ಟು ಜಮೀನು ಮುಳುಗಿತ್ತು. ಆದರೆ ಹೊಳೆ ಇನ್ನೂ ಹೊಳೆಯಾಗಿಯೇ ಇತ್ತು ಎಂದು ಅಜ್ಜಿ ಹೇಳುತ್ತಿದ್ದರು. "ಬ್ಯಾಸಿಗೇಲಿ ಸೀರೆ ಎತ್ತಿ ಕಟ್ಟಿ ದಾಟ್ತಿದ್ವಿ ಮಗಾ, ಮಳೆಗಾಲ್ದಲ್ಲಿ ದೋಣಿ." ಆಚೆ ದಡದಲ್ಲಿ ನೆಂಟರಿದ್ದರು. ಮದುವೆ, ಸಾವು, ಸಂತೆ ಎಲ್ಲದಕ್ಕೂ ಎರಡು ದಡದವರು ಓಡಾಡಿಕೊಂಡಿದ್ದರು.

1964ರಲ್ಲಿ ಲಿಂಗನಮಕ್ಕಿ ಬಂತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕಟ್ಟೆ. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ, ಸಂಗ್ರಹ 151 ಟಿಎಂಸಿ. ಮಡೆನೂರಿನ ಹಳೆ ಅಣೆಕಟ್ಟು ಹೊಸ ಅಣೆಕಟ್ಟಿನ ನೀರಿನಲ್ಲೇ ಮುಳುಗಿಹೋಯಿತು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ ಇವತ್ತು 1035 ಮೆಗಾವಾಟ್ ಕೊಡುತ್ತವೆ. ಬಹಳ ವರ್ಷ ರಾಜ್ಯದ ಕಾರ್ಖಾನೆಗಳು, ಬೆಂಗಳೂರಿನ ಬೀದಿ ದೀಪಗಳು, ಊರೂರಿನ ಪಂಪ್‌ಸೆಟ್ಟುಗಳು ಹೆಚ್ಚಾಗಿ ಈ ನೀರನ್ನೇ ನಂಬಿಕೊಂಡಿದ್ದವು. ಇದನ್ನು ಸಣ್ಣದು ಎಂದು ನಾನು ಹೇಳುವುದಿಲ್ಲ. ನಾನೂ ಆ ದೀಪದ ಕೆಳಗೇ ಓದಿದವನು.

ಮುಳುಗಿದ್ದು ಏನು ಎಂಬುದು ತಿಳಿಯಬೇಕಾದರೆ ಮಲೆನಾಡಿನ ಊರು ಹೇಗಿರುತ್ತದೆ ಎಂದು ಗೊತ್ತಿರಬೇಕು. ಬಯಲುಸೀಮೆಯ ಹಾಗೆ ಒಂದೇ ಕಡೆ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಇಲ್ಲೊಂದು ಮನೆ, ಆ ಗುಡ್ಡದ ಮಗ್ಗುಲಲ್ಲಿ ಇನ್ನೊಂದು. ತಗ್ಗಿನಲ್ಲಿ ಅಡಿಕೆ ತೋಟ, ಅದರ ಬದಿಗೆ ಭತ್ತದ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ, ಅದಕ್ಕೂ ಮೇಲೆ ಕಾನು, ಅಂದರೆ ದಟ್ಟ ಕಾಡು. ತೋಟಕ್ಕೆ ತಂಪು ಬೇಕು, ನೀರು ಬೇಕು. ಹಾಗಾಗಿ ಅದು ಯಾವಾಗಲೂ ತಗ್ಗಿನಲ್ಲೇ. ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಕೆಳಗಿಳಿದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಈ ಮೇಲೆ ಕೆಳಗಿನ ಸಂಬಂಧದ ಮೇಲೇ ಮನೆಯ ಲೆಕ್ಕ ನಿಂತಿರುವುದು. ಅಣೆಕಟ್ಟಿನ ನೀರು ಕೆಳಗಿನಿಂದ ಏರುತ್ತಾ ಬಂತು. ಮೊದಲು ಹೋದದ್ದು ತೋಟ ಮತ್ತು ಗದ್ದೆ. ಕೆಲವು ಮನೆಗಳಿಗೆ ಉಳಿದದ್ದು ಬರೀ ಬೆಟ್ಟ. ಸೊಪ್ಪು ಇದೆ, ಹಾಕಲು ತೋಟ ಇಲ್ಲ.

ಒಳ್ಳೆ ಜಮೀನು ಇದ್ದವರೇ ಹೆಚ್ಚು ಕಳೆದುಕೊಂಡರು ಎಂದು ಇದರಿಂದ ಅನ್ನಿಸಬಹುದು. ಪೂರ್ತಿ ನಿಜ ಅಲ್ಲ. ಜಮೀನು ಯಾರ ಹೆಸರಿನಲ್ಲಿತ್ತು, ಯಾರು ಉಳುತ್ತಿದ್ದರು ಎಂಬುದು ಬೇರೆ ಬೇರೆ. ಈ ಭಾಗದಲ್ಲಿ ದೀವರ ಸಮುದಾಯದ ಬಹಳ ಜನ ಗೇಣಿದಾರರು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ ಅದು. ಎಚ್. ಗಣಪತಿಯಪ್ಪ ಸಂಘಟನೆ ಮಾಡಿದರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇಶದ ಗೇಣಿ ಹೋರಾಟಗಳ ಚರಿತ್ರೆಯಲ್ಲಿ ಕಾಗೋಡಿಗೆ ಒಂದು ಜಾಗ ಇದೆ.

ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಕಾಗೋಡು 1951. ಅಣೆಕಟ್ಟು 1964. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ 1974. ಉಳುವವನಿಗೆ ಹೊಲ ಸಿಗುವ ಕಾನೂನು ಗಟ್ಟಿಯಾಗಿ ಬರುವ ಹತ್ತು ವರ್ಷ ಮೊದಲೇ ಇಲ್ಲಿಯ ಹೊಲ ನೀರಿನ ಕೆಳಗೆ ಹೋಗಿತ್ತು. ಪಕ್ಕದ ಊರಿನ ಗೇಣಿದಾರ ತಾನು ಉಳುವ ಜಮೀನಿಗೆ ಡಿಕ್ಲರೇಷನ್ ಅರ್ಜಿ ಹಾಕಿ ಒಡೆಯನಾದ. ಮುಳುಗಿದ ಗದ್ದೆ ಉಳುತ್ತಿದ್ದವನು ಯಾವುದಕ್ಕೆ ಡಿಕ್ಲರೇಷನ್ ಹಾಕಬೇಕು? ಪಹಣಿಯಲ್ಲಿ ಹೆಸರು ಇಲ್ಲದವನಿಗೆ ಪರಿಹಾರ ಎಲ್ಲಿಂದ ಬರಬೇಕು? ಅಣೆಕಟ್ಟಿನ ಕತೆ ಹೇಳುವಾಗ ಎಲ್ಲರೂ ತ್ಯಾಗ ಎಂಬ ಮಾತು ಬಳಸುತ್ತಾರೆ. ತ್ಯಾಗ ಮಾಡಲು ಮೊದಲು ತನ್ನದು ಅಂತ ಏನಾದರೂ ಇರಬೇಕಲ್ಲವಾ.

ಎದ್ದು ಹೋದವರನ್ನು ಶಿವಮೊಗ್ಗ, ಭದ್ರಾವತಿ ಕಡೆಯ ಕಾಡುಗಳಿಗೆ ಕಳಿಸಿದರು. ಲಾರಿಗಳಲ್ಲಿ ಪಾತ್ರೆ, ಹಾಸಿಗೆ, ಬಾಗಿಲು, ದನ. ಮನೆಯ ತೊಲೆ, ಕಂಬ ಬಿಚ್ಚಿಕೊಂಡು ಹೋದವರೂ ಇದ್ದರು. ಅಲ್ಲಿ ಕೊಟ್ಟದ್ದು ಅರಣ್ಯದ ಜಾಗ. ಕಡಿದು ಸಾಗುವಳಿ ಮಾಡಿಕೊಳ್ಳಿ ಎಂದರು. ಜನ ಕಡಿದರು, ಮಾಡಿಕೊಂಡರು. ಕಾಗದ ಮಾತ್ರ ಸರಿಯಾಗಿ ಆಗಲಿಲ್ಲ. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಲು ದೆಹಲಿಯ ಒಪ್ಪಿಗೆ ಬೇಕಾಯಿತು. ಆ ಗಂಟು ಬಿಚ್ಚಲು ಒಂದಾದ ಮೇಲೊಂದು ಸರ್ಕಾರ ಆದೇಶ ಮಾಡಿತು. ಆದೇಶಗಳು ಕೋರ್ಟಿಗೆ ಹೋದವು, ಹಿಂದಕ್ಕೆ ಬಂದವು, ಪಾದಯಾತ್ರೆಗಳಾದವು. ಮೊಮ್ಮಕ್ಕಳ ಕಾಲ ಬಂದರೂ ಸಾಗರದಿಂದ ಶಿವಮೊಗ್ಗದ ತನಕ ಚುನಾವಣೆ ಬಂದಾಗಲೆಲ್ಲ ಶರಾವತಿ ಸಂತ್ರಸ್ತರು ಎಂಬ ಮಾತು ಮೈಕಿನಲ್ಲಿ ಕೇಳುತ್ತದೆ.

ನಮ್ಮ ಅಜ್ಜನ ಮನೆ ಎದ್ದು ಹೋಗಲಿಲ್ಲ. ಗದ್ದೆ ಹೋಯಿತು, ತೋಟದಲ್ಲಿ ಅರ್ಧ ಹೋಯಿತು, ಮನೆ ಎತ್ತರದಲ್ಲಿ ಇದ್ದದ್ದರಿಂದ ಉಳಿಯಿತು. ಅಜ್ಜನ ತಮ್ಮನ ಮನೆ ಹತ್ತು ಮಾರು ಕೆಳಗಿತ್ತು, ಅವರು ಭದ್ರಾವತಿ ಕಡೆಗೆ ಹೋದರು. ಅಣ್ಣತಮ್ಮಂದಿರ ನಡುವೆ ಒಂದು ಇಳಿಜಾರಿನಷ್ಟೇ ವ್ಯತ್ಯಾಸ. ಉಳಿದವರದ್ದು ಒಳ್ಳೆಯ ಹಣೆಬರಹ ಎಂದು ಮೊದಲು ಎಲ್ಲರೂ ಅಂದುಕೊಂಡರಂತೆ. ಆಮೇಲೆ ನೀರು ನಿಂತಿತು. ಸಾಗರಕ್ಕೆ ಹೋಗುವ ದಾರಿಯೇ ಇಲ್ಲ ಎಂಬುದು ಆಗ ಗೊತ್ತಾಯಿತು.

ಈ ಸೀಮೆಯನ್ನು ಪತ್ರಿಕೆಗಳು ದ್ವೀಪ ಎಂದು ಬರೆಯುತ್ತವೆ. ನಕ್ಷೆ ಪ್ರಕಾರ ಅದು ದ್ವೀಪ ಅಲ್ಲ. ಪಶ್ಚಿಮಕ್ಕೆ ನೆಲವಿದೆ. ನಿಟ್ಟೂರು ಕಡೆಯಿಂದ ಕೊಲ್ಲೂರಿಗೆ ಇಳಿಯಬಹುದು. ಕೋಗಾರು ಘಾಟಿಯಿಂದ ಭಟ್ಕಳಕ್ಕೆ ಹೋಗಬಹುದು. ಆದರೆ ತಾಲ್ಲೂಕು ಆಫೀಸು, ದೊಡ್ಡಾಸ್ಪತ್ರೆ, ಮಂಡಿ ಎಲ್ಲವೂ ಪೂರ್ವಕ್ಕೆ. ಘಟ್ಟ ಇಳಿದರೆ ಜಿಲ್ಲೆಯೇ ಬೇರೆ. ಇತ್ತ ನೀರು, ಅತ್ತ ಘಟ್ಟ. ಸೇತುವೆ ಆಗುವ ತನಕ ರಸ್ತೆಯಲ್ಲೇ ಸಾಗರಕ್ಕೆ ಹೋಗಬೇಕು ಎಂದರೆ ಹಿನ್ನೀರಿಗೆ ಸುತ್ತು ಹಾಕಿ ಬರಬೇಕಿತ್ತು. ಕಣ್ಣೆದುರು ಕಾಣುವ ದಡಕ್ಕೆ ಅರ್ಧ ದಿನದ ದಾರಿ.

ಇನ್ನೊಂದು ಮಾತು. ಇದು ಮೊದಲಿನಿಂದಲೂ ಮೂಲೆಯಾಗಿದ್ದ ಸೀಮೆ ಎಂದು ಅಂದುಕೊಳ್ಳಬೇಡಿ. ಇಲ್ಲೇ ಕಾಡಿನೊಳಗೆ ಕಾನೂರು ಕೋಟೆ ಇದೆ. ಗೋಡೆಗಳು ಮರದ ಬೇರಿನ ಹಿಡಿತದಲ್ಲಿ ಪಾಳು ಬಿದ್ದಿವೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ ಅದು ಎನ್ನುತ್ತಾರೆ. 16ನೇ ಶತಮಾನದಲ್ಲಿ ಘಟ್ಟದ ಕಾಳುಮೆಣಸನ್ನು ಹೊಳೆಬಾಯಿಯ ಬಂದರಿಗೆ ಇಳಿಸಿ ಮಾರಿದ ಜೈನ ರಾಣಿ ಅವಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. 17ನೇ ಶತಮಾನದ ಆರಂಭದಲ್ಲಿ ಕೆಳದಿಯ ನಾಯಕರು ಅವಳ ರಾಜ್ಯ ಗೆದ್ದುಕೊಂಡರು. ಘಟ್ಟದ ಮೇಲಿನ ಮಾಲು ಕೆಳಗಿಳಿಯುವ, ಕೆಳಗಿನ ಉಪ್ಪು, ಮೀನು ಮೇಲೆ ಬರುವ ದಾರಿಯಲ್ಲಿದ್ದ ಸೀಮೆ ಇದು. ಇದು ಮೂಲೆಯಾದದ್ದು ನನ್ನ ಅಮ್ಮ ಹುಟ್ಟಿದ ಮೇಲೆ.

ಮುಳುಗಡೆ ಆದ ನಂತರದ ವರ್ಷಗಳಲ್ಲಿ ಲಾಂಚ್ ಬಂತು. ಅಂಬಾರಗೋಡ್ಲು ಕಡೆಯ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಒಂದು. ಹಸಿರುಮಕ್ಕಿ ಮತ್ತು ಮುಪ್ಪಾನೆಯಲ್ಲೂ ಇದ್ದವು. ಒಳನಾಡು ಜಲಸಾರಿಗೆ ಇಲಾಖೆ ನಡೆಸುತ್ತಿದ್ದದ್ದು. ಚಪ್ಪಟೆ ಕಬ್ಬಿಣದ ಹಲಗೆಯ ಮೇಲೆ ಬಸ್ಸು ಹಿಮ್ಮುಖವಾಗಿ ಹತ್ತುತ್ತಿತ್ತು. ಪಕ್ಕದಲ್ಲಿ ಜೀಪು, ಬೈಕು, ಅಡಿಕೆ ಮೂಟೆ, ಕೋಳಿ ಬುಟ್ಟಿ, ಶಾಲೆ ಮಕ್ಕಳು. ಬೆಳಿಗ್ಗೆ ಮೊದಲ ಲಾಂಚ್ ಎಷ್ಟು ಗಂಟೆಗೆ, ಸಂಜೆ ಕೊನೆಯದು ಎಷ್ಟಕ್ಕೆ ಎಂಬುದು ಅಲ್ಲಿ ಹುಟ್ಟಿದ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬರುತ್ತಿತ್ತು. ಸಾಗರದ ಮದುವೆ ಊಟದಲ್ಲಿ ನಮ್ಮ ಕಡೆಯವರು ಯಾರು ಎಂದು ಕಂಡುಹಿಡಿಯುವುದು ಸುಲಭ. ಪಾಯಸ ಬರುವ ಮೊದಲೇ ಗಡಿಯಾರ ನೋಡಲು ಶುರು ಮಾಡುವವರೇ ನಮ್ಮವರು.

ಕೊನೆಯ ಲಾಂಚ್ ತಪ್ಪಿದರೆ ಆ ದಡದಲ್ಲೇ ರಾತ್ರಿ. ಗಟ್ಟಿ ಇದ್ದವರಿಗೆ ಅದು ತೊಂದರೆ ಅಷ್ಟೇ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಬಂದವರಿಗೆ ಹಾಗಲ್ಲ. ರಾತ್ರಿ ಯಾರಿಗಾದರೂ ಜೋರಾದರೆ ಲಾಂಚಿನವರನ್ನು ಎಬ್ಬಿಸಬೇಕಿತ್ತು. ಪಾಪ, ಅವರು ಎದ್ದು ಬರುತ್ತಿದ್ದರು. ಆ ಸಿಬ್ಬಂದಿಯನ್ನು ಬೈದವರನ್ನು ನಾನು ನೋಡಿಲ್ಲ. ಆದರೆ ಮಂಜು ಕವಿದರೆ, ಗಾಳಿಮಳೆ ಜೋರಾದರೆ ಅವರಾದರೂ ಏನು ಮಾಡುತ್ತಾರೆ? ನನ್ನ ದೊಡ್ಡತ್ತೆ ಎಂಟು ತಿಂಗಳಾಗುತ್ತಿದ್ದ ಹಾಗೆ ಸಾಗರದ ನೆಂಟರ ಮನೆಗೆ ಹೋಗಿ ಕೂತುಬಿಡುತ್ತಿದ್ದರು. ನೆಂಟರು ಇಲ್ಲದವರು ಏನು ಮಾಡುತ್ತಿದ್ದರೋ. "ಲಾಂಚಿನ ಆಚೆಗೆ ಹೆಣ್ಣು ಕೊಡುವುದಿಲ್ಲ" ಎಂದು ನೇರವಾಗಿಯೇ ಹೇಳಿದವರ ಕತೆ ನಮ್ಮಲ್ಲಿ ಮನೆ ಮನೆಯಲ್ಲೂ ಸಿಗುತ್ತದೆ.

ಶನಿವಾರ, ಭಾನುವಾರ ಬಂದರೆ ಇನ್ನೊಂದು ಕತೆ. ಸಿಗಂದೂರಿಗೆ ಹೋಗುವ ಕಾರುಗಳು ಹೊಳೆಬಾಗಿಲಿನಿಂದ ಹಿಂದಕ್ಕೆ ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದವು. ಊರಿನವನು ಔಷಧಿ ತಗೊಂಡು ವಾಪಸ್ ಹೋಗಬೇಕು ಎಂದರೂ ಅದೇ ಸಾಲು. ನನಗೆ ಸಿಟ್ಟು ಬಂದದ್ದು ಈ ನೆನಪಿನಿಂದಲೇ ಇರಬೇಕು.

ಚೌಡೇಶ್ವರಿಯ ಮೇಲೆ ಮಾತ್ರ ಊರಿನ ಯಾರಿಗೂ ಸಿಟ್ಟಿಲ್ಲ. ದೇವಿಯ ಮೂಲ ಜಾಗವೂ ಹಿನ್ನೀರಿಗೆ ಹೋಯಿತು, ಅವಳೂ ನಮ್ಮ ಹಾಗೆ ಮುಳುಗಡೆಯವಳೇ ಎನ್ನುತ್ತಾರೆ. ಮಲೆನಾಡಿನಲ್ಲಿ ಎಲ್ಲಿ ಹೋದರೂ ತೋಟದ ಬೇಲಿಗೆ, ಮನೆಯ ಗೇಟಿಗೆ ಒಂದು ಬೋರ್ಡು ಕಾಣುತ್ತದೆ: ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ. ಕಳ್ಳರ ಕಾಟಕ್ಕೆ, ಗಡಿ ತಕರಾರಿಗೆ ಅದೇ ಪೊಲೀಸು, ಅದೇ ಕೋರ್ಟು. ತನ್ನ ಜಮೀನನ್ನೇ ಕಾಪಾಡಿಕೊಳ್ಳಲು ಆಗದೆ ಹೋದ ಸೀಮೆಯ ದೇವಿಗೆ ಇಡೀ ಮಲೆನಾಡಿನ ಜಮೀನು ಕಾಯುವ ಕೆಲಸ ಬಂದಿದೆ. ಸಂಕ್ರಾಂತಿಯ ಜಾತ್ರೆಯಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೋಟೆಲು, ಜೀಪು, ಹಣ್ಣುಕಾಯಿ ಅಂಗಡಿ ಎಂದು ಹಲವು ಮನೆಗಳ ಒಲೆ ಉರಿಯುವುದೂ ಅವಳಿಂದಲೇ. ಸುಮ್ನೆ ಹೇಳಬಾರದು, ತುಮರಿಯ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದೂ ಅವಳಿಂದ.

ಕರೆಂಟಿನ ವಿಷಯ ಹೇಳಲೇಬೇಕು. ರಾಜ್ಯಕ್ಕೆ ಬೆಳಕು ಕೊಟ್ಟ ನೀರಿನ ದಡದಲ್ಲಿ ಎಷ್ಟೋ ವರ್ಷ ಚಿಮಣಿ ಎಣ್ಣೆಯ ಬುಡ್ಡಿ ಉರಿಯುತ್ತಿತ್ತು. ಇದನ್ನು ಎಲ್ಲ ಭಾಷಣಗಳಲ್ಲೂ ಕೇಳಿ ಕೇಳಿ ಸವೆದುಹೋಗಿದೆ, ಆದರೂ ನಿಜ. ತಂತಿ ಬಂದ ಮೇಲೂ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ವಾರಗಟ್ಟಲೆ ಕತ್ತಲೆ. ಬೇಸಿಗೆಯಲ್ಲಿ ಇನ್ನೊಂದು ತಮಾಷೆ. ಜಗುಲಿಯಲ್ಲಿ ಕೂತರೆ ಕಣ್ಣಿಗೆ ಕಾಣುವಷ್ಟು ದೂರ ನೀರು, ಮನೆಯ ಬಾವಿಯಲ್ಲಿ ತಳದ ಕಲ್ಲು. ಆ ನೀರು ಯಂತ್ರ ತಿರುಗಿಸಲು ಇಟ್ಟ ನೀರು, ನಮ್ಮದಲ್ಲ.

ಆಮೇಲೆ ಮೊಬೈಲಿನ ಕಾಲ ಬಂತು. ಕೊರೊನಾ ಸಮಯದಲ್ಲಿ ಶಾಲೆ, ಕಾಲೇಜು ಫೋನಿನೊಳಗೆ ಹೋದಾಗ ಇಲ್ಲಿಯ ಮಕ್ಕಳು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದರು. ಬೆಂಗಳೂರಿನಿಂದ ಕೆಲಸ ಕಟ್ಟಿಕೊಂಡು ಬಂದ ಹುಡುಗರಿಗೂ ಅದೇ ಪಾಡು. ಆಗ ಶುರುವಾದದ್ದೇ "ನೋ ನೆಟ್‌ವರ್ಕ್, ನೋ ವೋಟಿಂಗ್" ಚಳವಳಿ. ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕುವುದಿಲ್ಲ ಎಂದು ಊರೂರಲ್ಲಿ ಬೋರ್ಡು ಬಿದ್ದವು. ಅಪ್ಪಂದಿರ ಕಾಲದ ಬೇಡಿಕೆ ಸೇತುವೆ, ಮಕ್ಕಳ ಕಾಲದ್ದು ಟವರು. ಕಾಗೋಡಿನ ತಾಲ್ಲೂಕು ಅಲ್ವಾ, ಕೇಳುವ ಅಭ್ಯಾಸ ಹೋಗಿಲ್ಲ.

ಈ ನೀರಿಗೆ ದಡ ಅಂತ ಒಂದು ಖಾಯಂ ಜಾಗ ಇಲ್ಲ. ಮಳೆಗಾಲದಲ್ಲಿ ತುಂಬಿಸಿಕೊಳ್ಳುತ್ತಾರೆ, ಮುಂದಿನ ಜೂನ್ ತನಕ ಬಿಡುತ್ತಾ ಹೋಗುತ್ತಾರೆ. ನೆಲ ಇಳಿಜಾರು ಕಡಿಮೆ ಇರುವುದರಿಂದ ಮಟ್ಟ ಸ್ವಲ್ಪ ಇಳಿದರೂ ನೀರಿನ ಅಂಚು ಬಹಳ ದೂರ ಹಿಂದಕ್ಕೆ ಸರಿಯುತ್ತದೆ. ಲಾಂಚ್ ನಿಲ್ಲುವ ಜಾಗವೂ ಅದರ ಹಿಂದೆಯೇ ಹೋಗಬೇಕಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಲಾಂಚಿಗೆ ಬೇಕಾದಷ್ಟು ಆಳವೇ ಇರುತ್ತಿರಲಿಲ್ಲ. 2023ರ ಬೇಸಿಗೆಯಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸಿದರು.

ಅಂಥ ಬೇಸಿಗೆಯಲ್ಲಿ ಹಳೆಯ ಊರು ಮೇಲೆ ಬರುತ್ತದೆ. ಮರದ ಬೊಡ್ಡೆಗಳು, ಬಾವಿಯ ಕಟ್ಟೆ, ದಾರಿಯ ಗುರುತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಪೂರ್ತಿ ಎದ್ದು ನಿಲ್ಲುತ್ತದೆ. ನೀರು ತಾನಾಗಿ ಹೊರಗೆ ಹೋಗಲೆಂದು ಕಟ್ಟಿದ ದೊಡ್ಡ ಸೈಫನ್ ಗೋಪುರಗಳು ಇಷ್ಟು ವರ್ಷ ನೀರಿನಲ್ಲಿದ್ದರೂ ಗಟ್ಟಿಯಾಗಿ ನಿಂತಿವೆ. ಈಗ ಅದನ್ನು ನೋಡಲು ಕಾರುಗಳಲ್ಲಿ ಜನ ಬರುತ್ತಾರೆ. ನನಗೂ ನೋಡಲು ಇಷ್ಟ. ಮಾವನಿಗೆ ಮಾತ್ರ ಆ ಬಯಲಿನಲ್ಲಿ ಬೇರೆಯೇ ಕಾಣುತ್ತದೆ. "ಇದು ನಮ್ಮ ಕೆಳಗಿನ ಗದ್ದೆ, ಅಲ್ಲಿ ಕಾಣ್ತದಲ್ಲ, ಅದು ಚಿಕ್ಕಪ್ಪನ ಮನೆ ಅಡಿಪಾಯ" ಎಂದು ತೋರಿಸುತ್ತಾರೆ. ಅವರು ಹುಟ್ಟುವಾಗಲೇ ಅದೆಲ್ಲ ನೀರಿನ ಕೆಳಗಿತ್ತು. ಅಜ್ಜ ತೋರಿಸಿಕೊಟ್ಟದ್ದು, ಅವರು ಕಲಿತುಕೊಂಡದ್ದು. ಆಸ್ತಿ ಇಲ್ಲದಿದ್ದರೂ ಆಸ್ತಿಯ ಗಡಿ ಮನೆಯಲ್ಲಿ ಉಳಿದಿದೆ.

ಉಳಿದದ್ದು ಇನ್ನೂ ಇದೆ. ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆದು ಗದ್ದೆಗೆ ಹೊತ್ತು ಒಯ್ಯುವ ಎಡೆ. ಫಲ ಹೊತ್ತ ಭೂಮಿಗೆ ಬಯಕೆ ಊಟ ಕೊಡುವ ಹಬ್ಬ ಅದು. ಗದ್ದೆ ಮುಳುಗಿದ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿದೆ. ಇರುವ ತೋಟದಲ್ಲೇ ಅಡಿಕೆ ಮರದ ಬುಡಕ್ಕೆ ಇಟ್ಟರು ಎಂದರು ಮಾವ. ಅಷ್ಟೇ ಸರಳ ಉತ್ತರ.

ಸೇತುವೆ ಬಗ್ಗೆ ಬರೋಣ. 2018ರ ಫೆಬ್ರವರಿಯಲ್ಲಿ ಅಡಿಗಲ್ಲು. ನಡುವೆ ಕೊರೊನಾ ಬಂತು, ಕೆಲಸ ನಿಧಾನ ಆಯಿತು. 2.44 ಕಿಲೋಮೀಟರ್ ಉದ್ದ, ನಡುಭಾಗ ಕೇಬಲ್ಲುಗಳ ಮೇಲೆ ನಿಂತದ್ದು. ಖರ್ಚು 400 ಕೋಟಿ ರೂಪಾಯಿಗೂ ಹೆಚ್ಚು. ನೀರಿನ ಆಳ, ಮಟ್ಟದ ಏರಿಳಿತ ಎರಡನ್ನೂ ಲೆಕ್ಕ ಹಾಕಿ ಕಂಬ ಇಳಿಸುವುದು ಸುಲಭದ ಕೆಲಸ ಅಲ್ಲ, ಅದನ್ನು ಮಾಡಿದವರಿಗೆ ನಮಸ್ಕಾರ. ಆದರೆ ಸೇತುವೆಯನ್ನು ಕೊಡುಗೆ ಎಂದು ಕರೆದಾಗ ನನ್ನ ಮನಸ್ಸು ಒಪ್ಪುವುದಿಲ್ಲ. 1964ರಲ್ಲಿ ಒಂದು ದಾರಿ ಮುಚ್ಚಿದರು, 2025ರಲ್ಲಿ ತೆರೆದರು. ನಡುವೆ ಮೂರು ತಲೆಮಾರು ಬಡ್ಡಿ ಕಟ್ಟಿದೆ. ಅಣೆಕಟ್ಟು ಕಟ್ಟಲು ಬೇಕಾದ ಅವಸರ ಸೇತುವೆಗೆ ಯಾಕೆ ಬರಲಿಲ್ಲ ಎಂದರೆ ಉತ್ತರ ಕಷ್ಟ ಏನಲ್ಲ. ಅಲ್ಲಿ ಜನ ಕಡಿಮೆ, ಓಟೂ ಕಡಿಮೆ.

ಈಗ ರಾತ್ರಿ ಹನ್ನೊಂದಕ್ಕೆ ಸಾಗರದಿಂದ ಹೊರಟರೂ ತುಮರಿ ಸೇರಬಹುದು. ಮಾವ ಇದನ್ನು ಇನ್ನೂ ನಂಬಿದ ಹಾಗಿಲ್ಲ, ಹಳೇ ಅಭ್ಯಾಸಕ್ಕೆ ಸಂಜೆ ನಾಲ್ಕಕ್ಕೇ ಚಡಪಡಿಸುತ್ತಾರೆ. ಅಡಿಕೆ ಮೂಟೆ ನೇರ ಮಂಡಿಗೆ ಹೋಗುತ್ತದೆ. ಕೊಳೆ ರೋಗ ಶುರುವಾದಾಗ ಮೈಲುತುತ್ತ, ಸುಣ್ಣ ತರಲು ಒಂದು ದಿನ ಹಾಳಾಗುವುದಿಲ್ಲ. ರಸ್ತೆಗೆ ರಾಷ್ಟ್ರೀಯ ಹೆದ್ದಾರಿಯ ನಂಬರು ಬಂದಿದೆ. ಅದರ ಜೊತೆಗೆ ಜಾಗ ಕೇಳಿಕೊಂಡು ಬರುವವರೂ ಬಂದಿದ್ದಾರೆ. ಹಿನ್ನೀರು ಕಾಣುವ ಗುಡ್ಡ ಇದೆಯಾ, ಹೋಂಸ್ಟೇ ಮಾಡಬಹುದಾ, ಎಕರೆಗೆ ಎಷ್ಟು? ತೋಟ ಹೋಗಿ ಬರೀ ಬೆಟ್ಟ ಉಳಿದವರನ್ನು ನೋಡಿ ಎಲ್ಲರೂ ಪಾಪ ಅಂದಿದ್ದರು. ಈಗ ಅಂಥ ಬೆಟ್ಟಕ್ಕೇ ರೇಟು. ಮಾರಬೇಡಿ ಎಂದು ನಾನು ಬೆಂಗಳೂರಿನಲ್ಲಿ ಕೂತು ಹೇಳುವುದು ಸರಿಯಲ್ಲ. ಆದರೆ ಲಾಂಚ್ ಇದ್ದಾಗ ಇವರಲ್ಲಿ ಅರ್ಧ ಜನ ಸಾಲು ನೋಡಿಯೇ ವಾಪಸ್ ಹೋಗುತ್ತಿದ್ದರು ಎಂಬುದೂ ನಿಜ. ಆ ಒಂದು ವಿಷಯದಲ್ಲಿ ಮಾತ್ರ ಲಾಂಚಿನ ಬಗ್ಗೆ ಮರುಗಿದವರಿಗೆ ಒಂದು ಮಾರ್ಕು ಕೊಡುತ್ತೇನೆ.

ಕೆಳಗೆ, ಜೋಗದ ಆಚೆಯ ಕಣಿವೆಯಲ್ಲಿ, ಹೊಸ ಯೋಜನೆಯ ಮಾತು ನಡೆಯುತ್ತಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್. ಕರೆಂಟು ಜಾಸ್ತಿ ಇರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಡುವುದು. ಸಿಂಗಳೀಕಗಳ ಅಭಯಾರಣ್ಯದ ಒಳಗೆ ಬರುವ ಯೋಜನೆ ಎಂದು ವಿರೋಧ ಇದೆ. ಅದಕ್ಕೂ ಮೊದಲು, 2019ರಲ್ಲಿ, ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುವ ಮಾತು ಬಂದು ಜಿಲ್ಲೆಯೆಲ್ಲ ಬೀದಿಗಿಳಿದಿತ್ತು. ಶರಾವತಿಯನ್ನು ಯಾವುದಕ್ಕೆ ಬಳಸಬೇಕು ಎಂದು ದೂರದಲ್ಲಿ ಕೂತವರಿಗೆ ಯಾವಾಗಲೂ ಒಂದು ಐಡಿಯಾ ಇದ್ದೇ ಇರುತ್ತದೆ.

ಕಳೆದ ಸಲ ಹೋದಾಗ ಭದ್ರಾವತಿ ಕಡೆಯಿಂದ ಅಜ್ಜನ ತಮ್ಮನ ಮೊಮ್ಮಗ ಬಂದಿದ್ದ. ಸೇತುವೆ ಮೇಲೆ ಬೈಕ್ ಓಡಿಸಿಕೊಂಡೇ ಬಂದ. ಊಟ ಆದ ಮೇಲೆ ಪ್ಲಾಸ್ಟಿಕ್ ಕವರಿನಿಂದ ಒಂದು ಫೈಲು ತೆಗೆದ. ಅಜ್ಜನಿಗೆ ಮುಳುಗಡೆಯಲ್ಲಿ ಜಾಗ ಕೊಟ್ಟ ಹಳೇ ಕಾಗದದ ಜೆರಾಕ್ಸು, ಅರ್ಜಿಗಳು, ಸರ್ವೆ ನಂಬರು ತಪ್ಪಾಗಿದೆ ಎಂಬ ಹಿಂಬರಹ. ಇಲ್ಲಿಯ ಮೂಲ ಜಮೀನಿನ ದಾಖಲೆ ಸಿಕ್ಕರೆ ಹಕ್ಕುಪತ್ರದ ಕೇಸಿಗೆ ಉಪಯೋಗ ಆಗಬಹುದು ಅಂತ ವಕೀಲರು ಹೇಳಿದ್ದಾರಂತೆ. ಮಾವ ಅಟ್ಟ ಹತ್ತಿ ಅಜ್ಜನ ಟ್ರಂಕು ಇಳಿಸಿದರು. ಸಂಜೆ ತನಕ ಹುಡುಕಿದೆವು. ಕಂದಾಯದ ರಶೀದಿಗಳು ಸಿಕ್ಕವು, ಬೇಕಾದ ಪಹಣಿ ಸಿಗಲಿಲ್ಲ. "ನಾಳೆ ಸಾಗರಕ್ಕೆ ಹೋಗಿ ತಾಲ್ಲೂಕಾಫೀಸಲ್ಲಿ ಕೇಳಿ ಬರೋಣ, ಈಗ ಏನು, ಲಾಂಚಿಗೆ ಕಾಯ್ಬೇಕಾಗಿಲ್ವಲ್ಲ" ಎಂದರು ಮಾವ. ಮರುದಿನ ಎರಡನೇ ಶನಿವಾರ, ಆಫೀಸಿಗೆ ರಜೆ ಎಂದು ಅತ್ತೆ ಒಳಗಿನಿಂದ ಕೂಗಿ ಹೇಳಿದರು. ಸೋಮವಾರ ಹೋಗುವುದು ಎಂದಾಯಿತು.